ಎಚ್ಚರಿಕೆಗೆ ಅಡ್ಡ ನಿಲ್ಲುವವರು

ಬ್ರೌಸರು ಕೊಟ್ಟ ಎಚ್ಚರಿಕೆಯನ್ನು ಮನ್ನಿಸಿ ತನ್ನ ಪಾಸ್‌ವರ್ಡನ್ನು ಬದಲಿಸಹೊರಟ ಗೃಹಸ್ಥನಿಗೆ, ಅವನ ಹಣವನ್ನು ಕಾಯಬೇಕಾದ ಸಂಸ್ಥೆಯ ಜಾಲತಾಣವೇ ಅಡ್ಡಿಯಾಗಿ ನಿಲ್ಲುವುದನ್ನು ಈ ವಾರ ನಾಸಿಕದಲ್ಲಿ ಕಣ್ಣಾರೆ ಕಂಡೆನಾದ್ದರಿಂದ, ಬರೆಯಬೇಕೆಂದಿದ್ದ ಬೇರೆ ವಿಷಯವನ್ನು ಬದಿಗಿರಿಸಿದ್ದೇನೆ.

ನಾಸಿಕ ರೋಡಿನಲ್ಲಿ ನೆಲೆಸಿರುವ ನಮ್ಮ ಸೋದರಮಾವನವರು ವಿದ್ಯುತ್ ಬಿಲ್ಲು ಕಟ್ಟಲು ಕುಳಿತಾಗ ಕ್ರೋಮ್ ಪರದೆಯ ಮೇಲೆ, ಈ ಪಾಸ್‌ವರ್ಡು ಸೋರಿಕೆಯಾದ ಮಾಹಿತಿಯಲ್ಲಿದೆ, ಬದಲಿಸಿಕೊಳ್ಳಿ ಎಂಬ ಪೆಟ್ಟಿಗೆ ಮೂಡಿತು. ಛತ್ರಪತಿ ಸಂಭಾಜಿನಗರದಲ್ಲಿರುವ ಮಗಳಿಗೆ ಫೋನು ಮಾಡಿದರು. “ಅಪ್ಪಾ, ಅದೇನೋ ಜಾಹೀರಾತು ಇರಬೇಕು, ಮುಚ್ಚಿಬಿಡ್ರಿ” ಎಂದಳು, ಎಂಜಿನಿಯರಿಂಗ್ ಓದಿದವಳು! ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ ಪಾಸ್‌ವರ್ಡ್ ಮ್ಯಾನೇಜರಿನ ತಪಾಸಣೆಯ ಪುಟವನ್ನು ನಾನೇ ತೆರೆದು ನೋಡಿದರೆ, ಮೊಮ್ಮಗನ ಹೆಸರಿಗೆ ಅವನು ಹುಟ್ಟಿದ ವರ್ಷವನ್ನು ಅಂಟಿಸಿದ ಒಂದೇ ಪದವು ಈಮೇಲಿಗೂ ರೈಲು ಟಿಕೇಟಿಗೂ ದಿನಸಿಯಂಗಡಿಗೂ ಠೇವಣಿಯಿಟ್ಟ ಸಹಕಾರಿ ಪತ್ತಿನ ಸಂಘಕ್ಕೂ ಸಲ್ಲುತ್ತಿತ್ತು.

2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ಟಿನ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಹೊರಬಿದ್ದುದನ್ನು ಓದುಗರು ಬಲ್ಲರು. ಹೀಗೆ ಸೋರಿದ ಈಮೇಲ್ ಮತ್ತು ಪಾಸ್‌ವರ್ಡಿನ ಜೋಡಿಯನ್ನು ಕಳ್ಳರು ಯಂತ್ರದ ಮೂಲಕ ಸಾವಿರಾರು ತಾಣಗಳಲ್ಲಿ ಪ್ರಯೋಗಿಸುತ್ತಾರೆ. ತರಕಾರಿ ತರಿಸಿದ ಪದವೇ ಠೇವಣಿಯನ್ನೂ ತೆರೆಯುತ್ತದೆ. ಸಂಭಾಜಿನಗರದ ಸಮೀಪದ ದೇವಗಿರಿ ದುರ್ಗವನ್ನು ಹತ್ತಿದವರು ಬಲ್ಲರು: ಒಂದು ಬಾಗಿಲನ್ನು ದಾಟಿದವನಿಗೆ ಮುಂದಿನದು ಎದುರಿಗೆ ಸಿಗದೆ ಬೇರೊಂದು ದಿಕ್ಕಿಗೆ ತಿರುಗಿ ನಿಂತಿರುತ್ತದೆ, ಆಮೇಲೆ ಕಂದಕ, ಅದರಾಚೆಗೆ ಕತ್ತಲೆಯ ಸುರಂಗ. ಒಂದೊಂದು ತಾಣಕ್ಕೆ ಒಂದೊಂದು ಪಾಸ್‌ವರ್ಡು ಎಂಬುದರ ಅರ್ಥವೂ ಇಷ್ಟೇ. ಅಷ್ಟನ್ನು ಮನುಷ್ಯನ ಸ್ಮೃತಿ ಹೊರಲಾರದಾದ್ದರಿಂದಲೇ ಬ್ರೌಸರಿನ ನೆರವು ಬೇಕಾಗುತ್ತದೆ. ತಪಾಸಣೆಯ ನೆಪದಲ್ಲಿ ಗೂಗಲ್ಲೇ ನಮ್ಮ ಗುಟ್ಟನ್ನು ಓದುವುದೆಂಬ ಭಯವೂ ಸಲ್ಲದು. 2019ರ ಡಿಸೆಂಬರಿನಿಂದ ಕ್ರೋಮಿನಲ್ಲಿ ಅಡಕವಾಗಿರುವ ಈ ವ್ಯವಸ್ಥೆಯು ಆ ಪದವನ್ನು ಯಾರೂ ಓದಲಾಗದ ಗೂಢರೂಪಕ್ಕೆ ತಿರುಗಿಸಿಯೇ ಕಳುಹಿಸಿ, ಹೋಲಿಕೆಯ ಕೊನೆಯ ಹೆಜ್ಜೆಯನ್ನು ನಮ್ಮ ಯಂತ್ರದಲ್ಲಿಯೇ ಮುಗಿಸುತ್ತದೆ.

ಮೂರು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡು ಬದಲಿಸತಕ್ಕದ್ದೆಂಬ ಕಚೇರಿಗಳ ಕಟ್ಟಳೆಯನ್ನು ಈ ಅಂಕಣದಲ್ಲಿ ಹಿಂದೆಯೂ ವಿರೋಧಿಸಿದ್ದೇನೆ, ಮುಂದೆಯೂ ವಿರೋಧಿಸುವೆನು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿಯೇ ಆ ನಿರ್ಬಂಧವನ್ನು ಕೈಬಿಟ್ಟು, ಸೋರಿದ ಕುರುಹು ಕಂಡಾಗ ಬದಲಿಸುವಂತೆ ಮಾಡಿರೆಂದು ಹೇಳಿತು. ಪಾಸ್‌ವರ್ಡನ್ನು ಪೇಸ್ಟ್ ಮಾಡಲು ಅವಕಾಶ ಕೊಡಿರೆಂದೂ ಹೇಳಿತು. ಈ ಎರಡನೆಯ ಮಾತಿನಲ್ಲಿಯೇ ನನ್ನ ಸಿಟ್ಟು ಅಡಗಿದೆ. ಈಮೇಲಿನದು ನಿಮಿಷಾರ್ಧದಲ್ಲಿ ಬದಲಾಯಿತು. ಆದರೆ ಪತ್ತಿನ ಸಂಘದ ಪುಟದಲ್ಲಿ, ಬ್ರೌಸರು ಸೂಚಿಸಿದ ದೀರ್ಘವಾದ ಪದವನ್ನು ತುಂಬಹೋದರೆ ಪೆಟ್ಟಿಗೆ ಸ್ವೀಕರಿಸಲಿಲ್ಲ; ಪೇಸ್ಟ್ ಮಾಡಿದರೆ, ಸುರಕ್ಷತೆಯ ದೃಷ್ಟಿಯಿಂದ ನಿಷಿದ್ಧ ಎಂಬ ಒಕ್ಕಣೆ; ಕೈಯಿಂದ ಬರೆದರೆ ಹನ್ನೆರಡು ಅಕ್ಷರಕ್ಕಿಂತ ಹೆಚ್ಚು ಕೂಡದು. ದಣಿದ ಮುದುಕರು ಕಡೆಗೆ ಏನು ಮಾಡಿದರು? ಮೊಮ್ಮಗನ ಹೆಸರನ್ನೇ ಮತ್ತೆ ಬರೆದು, ತುದಿಗೆ ಒಂದು ಅಂಕಿಯನ್ನು ಸೇರಿಸಿದರು. ಅವರಲ್ಲಿ ನಾನು ತಪ್ಪು ಕಾಣೆನು.

ಮಾಹಿತಿ ಸೋರಿದರೆ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿಧಿಸಿದೆ. ತಪ್ಪಿದರೆ 200 ಕೋಟಿ ರೂಪಾಯಿಗಳವರೆಗೆ ದಂಡ. 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳು ಈ ಕರ್ತವ್ಯಕ್ಕೆ 18 ತಿಂಗಳ ಗಡುವನ್ನು ಕೊಟ್ಟಿವೆ. ಪೇಸ್ಟ್ ತಡೆಯುವ ಆ ಸಾಲನ್ನು ತಮ್ಮ ಪುಟದಿಂದ ಅಳಿಸಲು ಸಂಘದವರಿಗೆ ಯಾವ ಗಡುವೂ ಬೇಕಿಲ್ಲ, ಒಂದು ಮಧ್ಯಾಹ್ನವೇ ಹೆಚ್ಚಾದೀತು. ಅಷ್ಟನ್ನೂ ಮಾಡಲಾರದವರು ಜನರ ಠೇವಣಿಯನ್ನು ಮುಟ್ಟಬಾರದು.