ಫೋನು ‘ಯಾರ ಮನೆಯವಳು’ ಎಂದು ಕೇಳುವುದಿಲ್ಲ

ಕಳೆದ ಆಗಸ್ಟ್‌ನಲ್ಲಿ ರಜೆಗೆಂದು ಊರಿಗೆ ಹೋಗಿದ್ದೆ. ನಮ್ಮದು ಹುಣಸೂರು ತಾಲ್ಲೂಕು. ಆ ತಿಂಗಳು ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಮುಂದೆ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಾಗ ನಮ್ಮ ಬೀದಿಯ ಅಕ್ಕ ಒಬ್ಬರು ಪಕ್ಕಕ್ಕೆ ಸರಿದು ಬಂದು ಮೆಲ್ಲಗೆ ಕೇಳಿದರು: ‘ನೀನು ಕಂಪ್ಯೂಟರ್ ಓದ್ತಿದ್ದೀಯಲ್ಲವ್ವ, ಮೊಬೈಲಲ್ಲಿ ಮಾತ್ರೆ ತರಿಸಕ್ಕಾಯ್ತದಾ?’

ಜ್ವರದ ಮಾತ್ರೆಯೇ ಎಂದೆ. ಅಲ್ಲವೆಂದು ತಲೆಯಾಡಿಸಿದರು. ಎರಡು ಹೆಣ್ಣು ಮಕ್ಕಳ ತಾಯಿ ಅವರು. ಮುಟ್ಟು ತಪ್ಪಿ ಎರಡು ವಾರವಾಗಿತ್ತು. ನನಗೆ ಗಾಬರಿಯಾಯಿತು. ‘ಅದು ಅಪರಾಧ ಅಲ್ವಾ ಅಕ್ಕ?’ ಅಂದುಬಿಟ್ಟೆ. ಅವರು ಏನೂ ಹೇಳದೆ ಎದ್ದು ಹೋದರು.

ನಾನು ಮೈಸೂರಿನ ಹಾಸ್ಟೆಲ್‌ಗೆ ವಾಪಸಾದ ವಾರದೊಳಗೆ ಅಮ್ಮನ ಫೋನ್ ಬಂತು. ಅಕ್ಕನಿಗೆ ತುಂಬಾ ರಕ್ತ ಹೋಗಿ ಆಸ್ಪತ್ರೆಗೆ ಸೇರಿಸಿದ್ದರು, ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಜೀವ ಉಳಿಯಿತು. ಏನಾಯಿತೆಂದು ದೀಪಾವಳಿಗೆ ಹೋದಾಗ ಅವರೇ ಹೇಳಿದರು. ಯಾರದೋ ಕೈಯಿಂದ ಮಾತ್ರೆ ತರಿಸಿದ್ದರು. ಹೇಗೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗಲೂ ‘ತಾನಾಗೇ ಹೋಯ್ತು’ ಎಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಒಂದೇ. ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಹಾಗಿದ್ದೂ ಅವರು ವೈದ್ಯರನ್ನು ಬಿಟ್ಟು ಇಪ್ಪತ್ತು ವರ್ಷದ ನನ್ನನ್ನು, ನನ್ನ ಕೈಯಲ್ಲಿದ್ದ ಫೋನನ್ನು ಯಾಕೆ ಕೇಳಿದರು?

ಮೊದಲು ನನ್ನ ಅಜ್ಞಾನದ ಮಾತು. ಗರ್ಭಪಾತ ನಮ್ಮ ದೇಶದಲ್ಲಿ ಪೂರ್ತಿ ಅಪರಾಧವಲ್ಲ. ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ, 1971ರಲ್ಲೇ ಬಂದಿದೆ. 2021ರ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು ಮುಂತಾದ ಕೆಲವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಗರ್ಭನಿರೋಧಕ ವಿಫಲವಾಗಿದ್ದರೆ ಅದೂ ಒಂದು ಕಾರಣ. ಮೊದಲ ಒಂಬತ್ತು ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಮಾತ್ರೆಗಳಿಂದಲೇ ಮಾಡಿಸಿಕೊಳ್ಳಬಹುದು. ಈ ವಾರಗಳನ್ನು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ಲೆಕ್ಕದಲ್ಲಿ ಅಕ್ಕನಿಗೆ ಆಗಿದ್ದು ಸುಮಾರು ಆರು ವಾರ. ಅಂದರೆ ಕಾನೂನಿನ ಮಿತಿಯೊಳಗೇ ಇದ್ದರು.

ಆದರೆ ಈ ಕಾಯ್ದೆಯ ಸ್ವರೂಪವನ್ನು ಸ್ವಲ್ಪ ಗಮನಿಸಬೇಕು. ಗರ್ಭಪಾತ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್ ಪ್ರಕಾರ ಇಂದಿಗೂ ಅಪರಾಧವೇ. ತಾನೇ ಮಾಡಿಕೊಂಡ ಹೆಣ್ಣೂ ಆ ಸೆಕ್ಷನ್ ಒಳಗೆ ಬರುತ್ತಾಳೆ. ಎಂಟಿಪಿ ಕಾಯ್ದೆ ಅದಕ್ಕೊಂದು ವಿನಾಯಿತಿ ಮಾತ್ರ. ಅದು ಹೆಣ್ಣಿಗೆ ಹಕ್ಕು ಕೊಡುವುದಕ್ಕಿಂತ ಹೆಚ್ಚಾಗಿ ವೈದ್ಯರಿಗೆ ರಕ್ಷಣೆ ಕೊಡುತ್ತದೆ. ‘ನನಗೆ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ವೈದ್ಯರು ಒಪ್ಪಬೇಕು. ಬಾಗಿಲು ಇದೆ, ಚಿಲಕ ಮಾತ್ರ ಇನ್ನೊಬ್ಬರ ಕಡೆಗಿದೆ.

ಆ ಚಿಲಕ ನಮ್ಮ ಕಡೆ ಹೇಗೆ ಬೀಳುತ್ತದೆ ನೋಡಿ. ಅಕ್ಕ ಮೊದಲು ಒಂದು ಖಾಸಗಿ ಕ್ಲಿನಿಕ್‌ಗೆ ಹೋಗಿದ್ದರಂತೆ. ‘ಗಂಡನನ್ನು ಕರ್ಕೊಂಡು ಬಾ, ಸಹಿ ಬೇಕು’ ಎಂದು ಕಳಿಸಿದರು. ಕಾನೂನಿನಲ್ಲಿ ಅಂಥ ಷರತ್ತೇ ಇಲ್ಲ. 18 ವರ್ಷ ತುಂಬಿದ ಹೆಣ್ಣಿನ ಲಿಖಿತ ಒಪ್ಪಿಗೆಯೊಂದೇ ಸಾಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ ಇದನ್ನೇ ಎತ್ತಿ ಹೇಳಿದೆ. ಕಾನೂನಿನಲ್ಲಿ ಇಲ್ಲದ ಮನೆಯವರ ಒಪ್ಪಿಗೆ, ದಾಖಲೆಗಳನ್ನು ವೈದ್ಯರು ಕೇಳುವುದು ಸರಿಯಲ್ಲ ಎಂದಿದೆ. ಮದುವೆಯಾಗದವರಿಗೂ ಮದುವೆಯಾದವರಷ್ಟೇ ಅವಕಾಶವಿದೆ ಎಂದು ಸ್ಪಷ್ಟಪಡಿಸಿದ್ದು ಇದೇ ತೀರ್ಪು. ಆದರೆ ದೆಹಲಿಯ ತೀರ್ಪು ತಾಲ್ಲೂಕಿನ ಕ್ಲಿನಿಕ್ಕಿನ ಮೇಜಿಗೆ ತಲುಪಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬದುಕಿದವರಿಗೆ ಉಳಿದ ಕಾರಣಗಳನ್ನು ಬಿಡಿಸಿ ಹೇಳಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬ್ಯಾರನ್ನಿನಲ್ಲಿದ್ದಾಗ ಹಗಲು ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿ ಶುರುವಾದರೆ ಒಂದು ದಿನ ತಪ್ಪಿಸಿದರೂ ಕೂಲಿ ಹೋಯಿತು. ಎಚ್.ಡಿ. ಕೋಟೆಯಿಂದ ಮೈಸೂರು ಸುಮಾರು 50 ಕಿಲೋಮೀಟರ್. ಅದೇ ತಾಲ್ಲೂಕಿನ ಕಾಡಂಚಿನ ಡಿ.ಬಿ. ಕುಪ್ಪೆ ಕಡೆಯ ಹಾಡಿಗಳಿಂದ ತಾಲ್ಲೂಕು ಆಸ್ಪತ್ರೆಯೇ ಒಂದು ಪ್ರಯಾಣ. ಜೇನುಕುರುಬ, ಕಾಡುಕುರುಬ ಹೆಣ್ಣುಮಕ್ಕಳಿಗೆ ಆ ದಾರಿಯಲ್ಲಿ ಆನೆಯ ಭಯ ಬೇರೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಮೈಸೂರಿಗೆ ಹೋಗಲು ಈಗ ದುಡ್ಡು ಬೇಕಿಲ್ಲ, ನೆಪ ಬೇಕು. ‘ಎಲ್ಲಿಗೆ ಹೊರಟೆ?’ ಎಂದು ಅತ್ತೆ ಕೇಳುತ್ತಾರೆ, ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯವರು ಕೇಳುತ್ತಾರೆ. ಸ್ಥಳೀಯ ಆಸ್ಪತ್ರೆಯಲ್ಲಂತೂ ಚೀಟಿ ಬರೆಯುವವರು ದೂರದ ನೆಂಟರೇ ಆಗಿರುತ್ತಾರೆ, ‘ಯಾರ ಮನೆಯವಳವ್ವ ನೀನು?’ ಎನ್ನುತ್ತಾರೆ. ಹೆಣ್ಣಿನ ಗುರುತು ಬಹಿರಂಗಪಡಿಸಿದರೆ ಎಂಟಿಪಿ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲಿದೆ ನಿಜ. ಆದರೆ ಊರ ಬಾಯಿಗೆ ಯಾವ ಸೆಕ್ಷನ್? ಫೋನು ಮಾತ್ರ ಯಾರ ಮನೆಯವಳು ಎಂದು ಕೇಳುವುದಿಲ್ಲ. ಅಕ್ಕ ಅದರ ಹತ್ತಿರ ಬಂದದ್ದು ಸೋಮಾರಿತನದಿಂದಲ್ಲ.

ಇದು ನಮ್ಮೂರಿನ ಕಥೆ ಮಾತ್ರವೂ ಅಲ್ಲ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರ ಹೆಸರು ನೆನಪಿರಬಹುದು. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡ್‌ನ ಗಾಲ್ವೇ ಆಸ್ಪತ್ರೆಯಲ್ಲಿ, 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಿದರು. ನಂಜು ಏರಿ ಅಕ್ಟೋಬರ್ 28ರಂದು ತೀರಿಕೊಂಡಾಗ ಅವರಿಗೆ 31 ವರ್ಷ. ಆ ದಿನಗಳಲ್ಲಿ ಐರ್ಲೆಂಡ್‌ನ ಎಷ್ಟೋ ಹೆಣ್ಣುಮಕ್ಕಳು ಇಂಗ್ಲೆಂಡ್‌ಗೆ ಹೋಗುತ್ತಿದ್ದರು. ಹೋಗಲಾಗದವರು ‘ವಿಮೆನ್ ಆನ್ ವೆಬ್’ನಂಥ ಸಂಸ್ಥೆಗೆ ಬರೆದು, ವೈದ್ಯರ ಸಲಹೆ ಪಡೆದು, ಅಂಚೆಯಲ್ಲಿ ಮಾತ್ರೆ ತರಿಸಿಕೊಳ್ಳುತ್ತಿದ್ದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4 ಮಂದಿ ಆ ಹಳೆಯ ನಿಷೇಧವನ್ನು ತೆಗೆಯಲು ಮತ ಹಾಕಿದರು. ಡಬ್ಲಿನ್‌ನ ಗೋಡೆಯ ಮೇಲೆ ನಮ್ಮ ಕನ್ನಡತಿಯ ಚಿತ್ರದ ಮುಂದೆ ಜನ ಹೂವಿಟ್ಟರು.

ಅಮೆರಿಕದಲ್ಲಿ ಆದದ್ದು ಇದರ ತಿರುವುಮುರುವು. 2022ರ ಜೂನ್ 24ರ ತೀರ್ಪಿನ ನಂತರ ಹಲವು ರಾಜ್ಯಗಳು ಗರ್ಭಪಾತ ನಿಷೇಧಿಸಿದವು. ಈಗ ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳ ವೈದ್ಯರು ನಿಷೇಧವಿರುವ ರಾಜ್ಯದ ಹೆಣ್ಣುಮಕ್ಕಳಿಗೆ ಆನ್‌ಲೈನ್‌ನಲ್ಲಿ ಸಲಹೆ ಕೊಟ್ಟು ಅಂಚೆಯಲ್ಲಿ ಮಾತ್ರೆ ಕಳಿಸುತ್ತಾರೆ. ಇಂಗ್ಲೆಂಡ್ ಕೋವಿಡ್ ಕಾಲದಲ್ಲಿ ತಂದ ಫೋನ್ ಸಲಹೆಯ ವ್ಯವಸ್ಥೆಯನ್ನು 2022ರಲ್ಲಿ ಕಾಯಂ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷದ ಮಾರ್ಗಸೂಚಿಯಲ್ಲಿ ದೂರವೈದ್ಯವನ್ನು ಒಂದು ದಾರಿಯಾಗಿ ಶಿಫಾರಸು ಮಾಡಿದೆ.

ಆ ದೇಶಗಳಿಗೂ ನಮಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಫೋನಿನ ಆಚೆ ತುದಿಯಲ್ಲಿ ವೈದ್ಯರಿದ್ದಾರೆ. ಅಕ್ಕ ಕೇಳಿದ ರಾತ್ರಿ ನಾನೂ ಹುಡುಕಿದ್ದೆ. ನನಗೆ ಸಿಕ್ಕಿದ್ದು ಹೆಸರಿಲ್ಲದ ವಾಟ್ಸ್‌ಆ್ಯಪ್ ನಂಬರ್‌ಗಳು. ಎಷ್ಟು ವಾರ, ರಕ್ತಹೀನತೆ ಇದೆಯೇ, ಹಿಂದೆ ಸಿಸೇರಿಯನ್ ಆಗಿದೆಯೇ, ಯಾವುದನ್ನೂ ಯಾರೂ ಕೇಳಲಿಲ್ಲ. ಮೊದಲು ಹಣ ಹಾಕಿ ಅಂದರು, ಅಷ್ಟೇ.

ನಮ್ಮಲ್ಲಿ ದೂರವೈದ್ಯ ಇಲ್ಲವೆಂದಲ್ಲ. 2020ರ ಮಾರ್ಚ್‌ನಲ್ಲೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ತಂದಿದೆ. ಇ–ಸಂಜೀವಿನಿಯಲ್ಲಿ ಮನೆಯಿಂದಲೇ ಉಚಿತವಾಗಿ ವೈದ್ಯರ ಜೊತೆ ಮಾತಾಡಬಹುದು. ಮನಸ್ಸಿನ ನೋವಿಗೆ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಇದೆ. ಆದರೆ ಎಂಟಿಪಿ ನಿಯಮಗಳು ಅರ್ಹ ವೈದ್ಯರು, ಅನುಮೋದಿತ ಕೇಂದ್ರದ ಸಂಪರ್ಕ, ಲಿಖಿತ ಒಪ್ಪಿಗೆ ಎನ್ನುತ್ತವೆಯೇ ಹೊರತು ಫೋನ್ ಸಲಹೆಗೆ ಜಾಗ ಬಿಡಿಸಿ ಹೇಳಿಲ್ಲ. ಹಾಗಾಗಿ ವೈದ್ಯರು ಆ ಗೊಡವೆಗೆ ಹೋಗುವುದಿಲ್ಲ. ವೈದ್ಯರು ಬಿಟ್ಟ ಜಾಗದಲ್ಲಿ ವ್ಯಾಪಾರಿ ಬಂದು ಕೂತಿದ್ದಾನೆ.

‘ಫೋನಿನಲ್ಲಿ ಇಂಥದ್ದಕ್ಕೆಲ್ಲ ಅವಕಾಶ ಕೊಟ್ಟರೆ ಅಪಾಯ’ ಎನ್ನುವವರು ಒಂದು ಅಂಕಿಯನ್ನು ನೋಡಬೇಕು. 2015ರ ಸ್ಥಿತಿ ಕುರಿತು ‘ದ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಆ ವರ್ಷ ನಡೆದ ಗರ್ಭಪಾತ ಸುಮಾರು 1.56 ಕೋಟಿ. ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವು. ಅಂದರೆ ಮನೆಯಲ್ಲಿ ಮಾತ್ರೆ ನುಂಗುವುದು ಆಗಲೇ ನಡೆಯುತ್ತಿದೆ. ನಮ್ಮ ಮುಂದಿರುವ ಆಯ್ಕೆ ಆಸ್ಪತ್ರೆಯೋ ಫೋನೋ ಎಂಬುದಲ್ಲ. ವೈದ್ಯರ ಮಾತು ಕೇಳಿ ನುಂಗುವ ಮಾತ್ರೆಯೋ, ಯಾರನ್ನೂ ಕೇಳದೆ ನುಂಗುವ ಮಾತ್ರೆಯೋ ಎಂಬುದು.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಹೆಣ್ಣು ಭ್ರೂಣ ಹತ್ಯೆ ನಮ್ಮ ಪಕ್ಕದಲ್ಲೇ ಇದೆ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು 2023ರಲ್ಲಿ ಭೇದಿಸಿದರು. ಮೈಸೂರಿನ ವೈದ್ಯರೂ ಬಂಧಿತರಾದರು. ಮಾತ್ರೆ ಸುಲಭವಾಗಿ ಸಿಕ್ಕರೆ ಇದು ಹೆಚ್ಚುವುದಿಲ್ಲವೇ ಎಂದು ನನಗೂ ಅನ್ನಿಸಿತ್ತು. ಉತ್ತರ ಸಿಕ್ಕಿದ್ದು ಅಕ್ಕನಿಂದಲೇ. ಅವರು ಆ ಗರ್ಭ ಬೇಡವೆಂದದ್ದು ಅದು ಹೆಣ್ಣೆಂದು ಗೊತ್ತಾಗಿ ಅಲ್ಲ, ಅದು ಗೊತ್ತಾಗುವ ಕಾಲವೇ ಆಗಿರಲಿಲ್ಲ. ‘ನಮ್ಮತ್ತೆಗೆ ಗೊತ್ತಾದ್ರೆ ಮೂರು ತಿಂಗಳು ತುಂಬಲಿ ಅಂತ ಕಾಯ್ತಾರೆ, ಆಮೇಲೆ ಎಲ್ಲಿಗಾದ್ರೂ ಕರ್ಕೊಂಡೋಗಿ ನೋಡಿಸ್ತಾರೆ. ಅದಕ್ಕೆ ಮುಂಚೇನೇ ಬೇಡ ಅಂದ್ಕಂಡೆ’ ಎಂದರು. ಸ್ಕ್ಯಾನಿಂಗ್‌ನಲ್ಲಿ ಲಿಂಗ ತಿಳಿಯುವುದು ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ. ಮಾತ್ರೆಯ ಮಿತಿ ಒಂಬತ್ತು ವಾರ. ಲಿಂಗ ಪತ್ತೆಯ ಮೇಲೆ ಎಷ್ಟು ಕಟ್ಟುನಿಟ್ಟಾದರೂ ಒಳ್ಳೆಯದೇ. ಆದರೆ ಆ ಭಯಕ್ಕೆ ಮೊದಲ ವಾರಗಳ ಬಾಗಿಲನ್ನೂ ಮುಚ್ಚಿದರೆ, ಆಲೆಮನೆಯಿಂದ ತಪ್ಪಿಸಿಕೊಂಡು ಓಡುತ್ತಿರುವವಳ ಮುಖಕ್ಕೇ ಬಾಗಿಲು ಹಾಕಿದಂತೆ.

ಫೋನೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಗರ್ಭಕೋಶದ ಹೊರಗೆ ಗರ್ಭ ನಿಂತಿದ್ದರೆ, ತೀವ್ರ ರಕ್ತಹೀನತೆ ಇದ್ದರೆ ಆಸ್ಪತ್ರೆಯೇ ಬೇಕು. ರಾತ್ರಿ ಎರಡು ಗಂಟೆಗೆ ರಕ್ತ ನಿಲ್ಲದಿದ್ದರೆ ವಿಡಿಯೊ ಕಾಲ್ ಉಪಯೋಗಕ್ಕೆ ಬರುವುದಿಲ್ಲ, ಆಂಬುಲೆನ್ಸ್ ಬೇಕು. ಕಾಡಂಚಿನ ಹಾಡಿಗಳಲ್ಲಿ ನೆಟ್‌ವರ್ಕ್ ಹುಡುಕಲು ಗುಡ್ಡ ಹತ್ತಬೇಕು. ಅದಕ್ಕೇ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ, ಮಾತ್ರೆ ಇಟ್ಟು, ಅದರ ಜೊತೆಗೆ ಮೊದಲ ಮಾತುಕತೆಗೆ ಫೋನಿನಲ್ಲಿ ಒಬ್ಬ ವೈದ್ಯರು ಸಿಗುವಂತಾಗಬೇಕು. ಇ–ಸಂಜೀವಿನಿ ಈಗಾಗಲೇ ಇದೆ. ಕೋಡ್ ಬರೆಯುವ ನಮಗೆ ಗೊತ್ತು, ಇದು ತಂತ್ರಜ್ಞಾನದ ತೊಡಕಲ್ಲ, ನಿಯಮದಲ್ಲಿ ಒಂದು ಸಾಲು ಸೇರಿಸುವ ಕೆಲಸ.

ಆ ಸಾಲು ಬರುವವರೆಗೆ ನಾವು ಮಾಡಬಹುದಾದದ್ದು ತಿಳಿದುಕೊಳ್ಳುವುದು. ಈ ಪುಟ ಓದುವ ಬಹುತೇಕರು ನನ್ನ ವಯಸ್ಸಿನವರು. ಪಿ.ಜಿ.ಯಲ್ಲೋ ಹಾಸ್ಟೆಲ್‌ನಲ್ಲೋ ಇದ್ದು ಓದುವವರು, ಕೆಲಸ ಹುಡುಕುವವರು. ಮನೆಯವರು ಮೊಬೈಲ್ ರಿಪೇರಿಯಿಂದ ಹಿಡಿದು ಪಹಣಿ ತೆಗೆಯುವವರೆಗೆ ಎಲ್ಲವನ್ನೂ ನಮ್ಮನ್ನೇ ಕೇಳುತ್ತಾರೆ. ಒಂದು ದಿನ ಇದನ್ನೂ ಕೇಳಬಹುದು. ಸರ್ಕಾರಿ ಆಸ್ಪತ್ರೆಗೆ ಇದಕ್ಕಾಗಿ ಪ್ರತ್ಯೇಕ ಅನುಮತಿ ಬೇಕಿಲ್ಲ, ಗಂಡನ ಸಹಿ ಬೇಕಿಲ್ಲ, ಅಪ್ಪನ ಸಹಿಯೂ ಬೇಕಿಲ್ಲ ಎಂಬಷ್ಟು ನಮಗೆ ಗೊತ್ತಿರಲಿ. ಮಾತ್ರೆ ತೆಗೆದುಕೊಂಡು ತೊಂದರೆಯಾಗಿದ್ದರೆ ವೈದ್ಯರಿಗೆ ನಿಜ ಹೇಳುವ ಧೈರ್ಯ ತುಂಬೋಣ.

ಅಕ್ಕ ಈಗ ಆರೋಗ್ಯವಾಗಿದ್ದಾರೆ. ಕಾಪರ್‌–ಟಿ ಹಾಕಿಸಿಕೊಂಡಿದ್ದಾರೆ, ಅದನ್ನೂ ಅತ್ತೆಗೆ ಹೇಳಿಲ್ಲ. ಆಗಸ್ಟ್‌ನ ಆ ಸಂಜೆ ನಾನು ಆಡಿದ ಮಾತನ್ನು ವಾಪಸ್ ಪಡೆಯಲಾರೆ. ಮುಂದೆ ಯಾರಾದರೂ ಹಾಗೆ ಪಕ್ಕಕ್ಕೆ ಬಂದು ಕುಳಿತರೆ ‘ಅಪರಾಧ ಅಲ್ವಾ’ ಎನ್ನುವುದಿಲ್ಲ. ‘ಎಷ್ಟು ವಾರ ಆಯ್ತು ಅಕ್ಕ? ನಾನೂ ಜೊತೆಗೆ ಬರ್ಲಾ?’ ಎಂದು ಕೇಳುತ್ತೇನೆ.