ಕಡಲು ಕಾಣದ ಕರಾವಳಿ

ಕರಾವಳಿಯ ಕಲೆ ಎಂದೊಡನೆ ಮುಳುಗುವ ಸೂರ್ಯ, ಬಾಗಿದ ತೆಂಗು, ದಡಕ್ಕೆಳೆದ ದೋಣಿ ಮುಖಪುಟಕ್ಕೆ ಬಂದು ಕೂರುತ್ತವೆ. ಈಚಿನ ವಿಶೇಷಾಂಕಗಳಲ್ಲೂ ಕಲಾಶಿಬಿರಗಳಲ್ಲೂ ಕಾಣುವುದು ಇದೇ. ಒಳನಾಡಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಅಲ್ಲಿ ಜಾಗವೇ ಇಲ್ಲ. ಈ ಕಡಲ ಮೋಹಕ್ಕೆ ಇಂಪ್ರೆಷನಿಸ್ಟರ ಆಸರೆ ಹುಡುಕುವವರು ಕ್ಲಾಡ್ ಮೋನೆಯ ಚಿತ್ರಗಳನ್ನು ಅರ್ಧ ಮಾತ್ರ ನೋಡಿದ್ದಾರೆ. 1884ರ ಜನವರಿಯಲ್ಲಿ ಅವನು ಇಟಲಿಯ ಬೋರ್ಡಿಗೆರಾಕ್ಕೆ ಹೋದದ್ದು ಮೂರು ವಾರಕ್ಕೆಂದು, ಉಳಿದದ್ದು ಏಪ್ರಿಲ್‌ವರೆಗೆ. ಮೊರೆನೊ ಎಂಬವರ ತೋಟದ ತಾಳೆ, ಆಲಿವ್ ಮರಗಳನ್ನು ಬರೆದ. ಸಾಸ್ಸೊ ಕಣಿವೆ ಹೊಕ್ಕ. ನೆರ್ವಿಯಾ ಹೊಳೆಯ ಗುಂಟ ಒಳನಾಡಿನ ದೋಲ್ಚೆಆಕ್ವಾ ಊರಿಗೆ ಹೋಗಿ, ಒಂದೇ ಕಮಾನಿನ ಹಳೆ ಸೇತುವೆಯನ್ನೂ ಕೋಟೆಯನ್ನೂ ಬರೆದ. ದೋಲ್ಚೆಆಕ್ವಾದ ಆ ಚಿತ್ರಗಳಲ್ಲಿ ಕಡಲಿಲ್ಲ. ಆದರೂ ಅವು ಮೆಡಿಟರೇನಿಯನ್ ಕರಾವಳಿಯ ಚಿತ್ರಗಳೇ, ಏಕೆಂದರೆ ಬೆಳಕು ಅಲ್ಲಿಯದು.

ಪಾಣೆಮಂಗಳೂರಿನ ಹಳೆ ಸೇತುವೆಗೂ ನೇತ್ರಾವತಿಗೂ ಅಂಥ ಕಣ್ಣು ಬೇಡವೇ? ಕಡಲಿಲ್ಲದಿದ್ದರೆ ಕರಾವಳಿಯ ಗುರುತೇನು ಎಂದು ಕೇಳುತ್ತಾರೆ. ನಮ್ಮಲ್ಲಿಗೆ ಕಡಲು ಮೋಡವಾಗಿ ಬರುತ್ತದೆ. ಅರಬ್ಬಿ ಸಮುದ್ರದಿಂದ ಎದ್ದದ್ದು ಘಟ್ಟಕ್ಕೆ ತಾಗಿ ಸುರಿಯುವಾಗ, ಬೆಳಗ್ಗೆ ಕಂಡ ಗಡಾಯಿಕಲ್ಲು ಬೆಟ್ಟ ಮಧ್ಯಾಹ್ನಕ್ಕೆ ಮಾಯ. ಅಡಿಕೆ ತೋಟದ ಹಸಿರು ಕಪ್ಪಿಗೆ ತಿರುಗುತ್ತದೆ. ಮುರಕಲ್ಲಿನ ಗೋಡೆ ನೆನೆದು ಬೇರೆಯೇ ಕೆಂಪಾಗುತ್ತದೆ. 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದವರು ಈ ಮಳೆಯನ್ನು ಅರಿತೇ ಇಳಿಜಾರು ಮಾಡು ಇಟ್ಟರು. ನಮ್ಮ ಚಿತ್ರಕಾರರು ಮಾತ್ರ ಮಳೆ ನಿಂತ ಮೇಲೆ ಕುಂಚ ಹಿಡಿಯುತ್ತಾರೆ. ಆಷಾಢದಲ್ಲಿ ಕಾಗದ ಒಣಗದು, ತೈಲವರ್ಣ ಆರದು ಎಂಬ ಕಷ್ಟ ನಿಜವಾದದ್ದೇ. ಆದರೆ ಲಂಡನ್ನಿನ ಮಂಜನ್ನು ಮೋನೆ ಸವಾಯ್ ಹೋಟೆಲಿನ ಕಿಟಕಿಯ ಒಳಗಿಂದ ನೋಡಿ ಬರೆದ. ನಮ್ಮ ಹಳೆ ಮನೆಗಳಿಗೆ ಚಾವಡಿಯಿದೆ, ಜಗಲಿಯಿದೆ, ಎದುರಿಗೇ ಗದ್ದೆಯಿದೆ. ಇನ್ನು, ಪರದೇಶದ ಪದ್ಧತಿ ನಮಗೇಕೆ ಎನ್ನುವವರು ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ನೆನೆಯಲಿ. ಜೈನ ಹಸ್ತಪ್ರತಿಗಳ ಚಿತ್ರಗಳಿಂದ ಕಲಿತ ಅವರು 1949-50ರಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲೂ ಕಲಿತರು. ಅದರಿಂದ ಅವರ ರೇಖೆ ಪರಕೀಯವಾಗಲಿಲ್ಲ.

ಕೊಳ್ಳುವವರು ಕಡಲನ್ನೇ ಕೇಳುತ್ತಾರೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ತೋರಿಸದೇ ಇದ್ದುದನ್ನು ಯಾರು ಕೇಳಿಯಾರು? ಈ ಸಂಚಿಕೆಯ ಚಿತ್ರಪುಟಗಳು ಮಳೆಗಾಲದ ಒಳನಾಡಿಗೆ ಮೀಸಲು. ಶಿಬಿರ ನಡೆಸುವವರಲ್ಲಿ ನಮ್ಮ ಒತ್ತಾಯ ಇಷ್ಟೇ: ಒಂದು ವರ್ಷವಾದರೂ ಅದನ್ನು ಜುಲೈಗೆ ತನ್ನಿ, ಚಿತ್ರಕಾರರನ್ನು ಕಡಲತಡಿಗೆ ಒಯ್ಯದೆ ನೇತ್ರಾವತಿಯ ದಡದ ಮನೆಗಳಲ್ಲಿ ಉಳಿಸಿ.