ಕಡಲಿಗೂ ಬೆಟ್ಟಕ್ಕೂ ನಡುವೆ ಒಂದು ದಿವಸ

ದೇಶಾಂತರ ಹೋಗುವ ಗೃಹಸ್ಥನಿಗೆ ಕಾಲವೇ ದ್ರವ್ಯ. ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣ, ಬೇಡಿ ಪಡೆದ ಹತ್ತು ದಿವಸಗಳ ರಜೆ. ಇಷ್ಟರಲ್ಲಿ ನೋಡಬೇಕಾದುದೆಲ್ಲವನ್ನೂ ನೋಡಿ ಬರಬೇಕು. ಆದುದರಿಂದ ಒಂದು ದಿವಸದೊಳಗೆ ಎರಡು ದಿವಸಗಳ ಕಾರ್ಯವನ್ನು ತುರುಕುವ ಆಶೆ ಯಾರಿಗಾದರೂ ಸಹಜವೇ. ಇದರಿಂದ ಸಾಮಾನ್ಯವಾಗಿ ಆಯಾಸವುಂಟಾಗುವುದೇ ಹೊರತು ಅಪಾಯವಿಲ್ಲ. ಆದರೆ ಕಡಲಲ್ಲಿ ಮುಳುಗುವುದನ್ನೂ ಬೆಟ್ಟ ಹತ್ತುವುದನ್ನೂ ಒಂದೇ ಪ್ರವಾಸದಲ್ಲಿ ಕೂಡಿಸಿಕೊಂಡವರಿಗೆ ಈ ಆಶೆಯು ಪ್ರಾಣಕ್ಕೇ ಎರವಾಗಬಹುದು. ಬಾಲಿ ದ್ವೀಪದಲ್ಲಿ ನಮಗೆ ಈ ಪಾಠವಾದ ಬಗೆಯನ್ನು ಈ ತಿಂಗಳು ನಿವೇದಿಸುತ್ತೇನೆ.

ಬಾಲಿಯು ಇಂಡೋನೇಷ್ಯ ದೇಶಕ್ಕೆ ಸೇರಿದ ದ್ವೀಪ; ಭೂಮಧ್ಯರೇಖೆಗೆ ಸುಮಾರು ಎಂಟು ಡಿಗ್ರಿಗಳಷ್ಟು ದಕ್ಷಿಣದಲ್ಲಿದೆ. ಅಲ್ಲಿನ ಜನರಲ್ಲಿ ಬಹುಪಾಲು ಹಿಂದೂಗಳು. ನಸುಕಿನಲ್ಲಿ ಮನೆಯೊಡತಿಯು ಎಳೆಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು, ಊದುಬತ್ತಿ ಹಚ್ಚಿ, ಹೊಸ್ತಿಲ ಬಳಿಯಲ್ಲಿರಿಸುವುದನ್ನು ಕಂಡರೆ ನಮ್ಮವರಿಗೆ ಪರಸ್ಥಳಕ್ಕೆ ಬಂದೆವೆಂಬ ಭಾವನೆಯೇ ಅರ್ಧ ಮರೆಯಾಗುವುದು. ದ್ವೀಪದ ಈಶಾನ್ಯ ಭಾಗದಲ್ಲಿ ಎರಡು ಅಗ್ನಿಪರ್ವತಗಳಿವೆ. ಒಂದು ಅಗುಂಗ್, 3,000 ಮೀಟರುಗಳಿಗೂ ಮಿಕ್ಕ ಎತ್ತರವುಳ್ಳದ್ದು. ಇನ್ನೊಂದು ಬಾತೂರ್, ಎತ್ತರ 1,717 ಮೀಟರು. ಅಗುಂಗ್ ಪರ್ವತದ ಬುಡದಲ್ಲಿ ತುಲಂಬೆನ್ ಎಂಬ ಕಡಲೂರಿದೆ. ಅಲ್ಲಿಯ ತೀರದಲ್ಲಿ ಬಿಳಿಯ ಮರಳಿಲ್ಲ. ಬೆಂಕಿಯಲ್ಲಿ ಹುಟ್ಟಿದ ಕರಿಯ ಗುಂಡುಕಲ್ಲುಗಳು ಮಾತ್ರ.

ಆ ಊರಿಗೆ ಜನರನ್ನು ಸೆಳೆಯುವುದು ಒಂದು ಮುರುಕು ಹಡಗು. 'ಲಿಬರ್ಟಿ' ಎಂಬ ಈ ಅಮೆರಿಕದ ಸರಕುಹಡಗಿಗೆ 1942ರ ಜನವರಿಯಲ್ಲಿ ಜಪಾನೀಯರ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಬಂದರಿಗೆ ಎಳೆದೊಯ್ಯುವಷ್ಟರಲ್ಲಿ ನೀರು ತುಂಬತೊಡಗಿದುದರಿಂದ ಅದನ್ನು ತುಲಂಬೆನ್ನಿನ ದಡಕ್ಕೆ ಹತ್ತಿಸಿಬಿಟ್ಟರು. ಇಪ್ಪತ್ತೊಂದು ವರ್ಷ ಅದು ದಡದಲ್ಲಿಯೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಸಿಡಿದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಆಗಿನ ಭೂಕಂಪಗಳಿಂದಲೇ ಹಡಗು ಜಾರಿ ಮತ್ತೆ ಕಡಲನ್ನು ಸೇರಿತು. ಈಗ ಅದರ ಮೈಮೇಲೆಲ್ಲ ಹವಳ ಬೆಳೆದಿದೆ. ಬೆಟ್ಟವು ಕಡಲಿಗೆ ಕೊಟ್ಟ ಉಡುಗೊರೆಯೆಂದೇ ಹೇಳಬಹುದು.

ಆಷಾಢದಲ್ಲಿ, ನಮ್ಮಲ್ಲಿ ಮಳೆ ಹೊಯ್ಯುತ್ತಿರುವಾಗ ಅಲ್ಲಿ ಒಣಹವೆ. ಆ ಕಾಲದಲ್ಲಿ ನಾನೂ ನನ್ನ ತಮ್ಮನ ಮಗನೂ ತುಲಂಬೆನ್ನಿಗೆ ಹೋದೆವು. ಹುಡುಗನು ಮುಳುಗುವ ವಿದ್ಯೆಯನ್ನು ಕ್ರಮವಾಗಿ ಕಲಿತು ಪ್ರಮಾಣಪತ್ರ ಪಡೆದವನು. ಕಾರ್ಯಕ್ರಮವನ್ನು ಹಾಕಿದವನೂ ಅವನೇ: ಬೆಳಗ್ಗೆ ಹಡಗಿನ ಬಳಿ ಎರಡು ಸಲ ಮುಳುಗುವುದು, ಸಂಜೆ ಬಾತೂರಿನ ತಪ್ಪಲು ಸೇರುವುದು, ರಾತ್ರಿ ಮೂರು ಘಂಟೆಗೆ ಹೊರಟು ಶಿಖರದಲ್ಲಿ ಸೂರ್ಯೋದಯ ನೋಡುವುದು. ಒಂದು ಘಂಟೆಯೂ ವ್ಯರ್ಥವಿಲ್ಲ! ನಾನೂ ಅವನ ಜಾಣತನಕ್ಕೆ ತಲೆದೂಗಿದ್ದೆ.

ಬೆಳಗ್ಗೆ ಗಾಳಿಯ ಸಿಲಿಂಡರುಗಳನ್ನು ತಲೆಯ ಮೇಲೆ ಹೊತ್ತು, ಆ ಉರುಟು ಕಲ್ಲುಗಳ ಮೇಲೆ ಬರಿಗೈಯಲ್ಲಿ ಬೀಸಿ ನಡೆಯುತ್ತ ಊರ ಹೆಂಗಸರು ತೀರಕ್ಕೆ ಬಂದರು. ಮಾರ್ಗದರ್ಶಿಯು ನಡುವಯಸ್ಸಿನ ಮಿತಭಾಷಿ. ಸಲಕರಣೆಗಳನ್ನು ಪರೀಕ್ಷಿಸುತ್ತ, “ಇಲ್ಲಿಂದ ಮುಂದೆ ಎಲ್ಲಿಗೆ?” ಎಂದು ಕೇಳಿದನು. ಹುಡುಗನು ಉತ್ಸಾಹದಿಂದ ಹೇಳಿದನು. ಆತನು ಸಿಲಿಂಡರನ್ನು ಕೆಳಗಿಟ್ಟು, “ಹಾಗಾದರೆ ಇವತ್ತು ಮುಳುಗುವಂತಿಲ್ಲ. ಇವತ್ತು ಕಡಲು, ಇಲ್ಲವೇ ರಾತ್ರಿ ಬೆಟ್ಟ, ಒಂದನ್ನು ಆರಿಸಿಕೊಳ್ಳಿ” ಎಂದುಬಿಟ್ಟನು. ತನಗೆ ಬರಬೇಕಾದ ಕೂಲಿಯನ್ನು ತಾನೇ ಬೇಡವೆನ್ನುವ ಮನುಷ್ಯನ ಮಾತನ್ನು ಲಕ್ಷ್ಯವಿಟ್ಟು ಕೇಳಬೇಕಷ್ಟೆ.

ಕಾರಣ ಹೀಗಿದೆ. ನೀರಿನಲ್ಲಿ ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡವು ದಡದಲ್ಲಿದ್ದುದರ ಎರಡರಷ್ಟಾಗುತ್ತದೆ, ಇಪ್ಪತ್ತಕ್ಕಿಳಿದರೆ ಮೂರರಷ್ಟು. ಆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕವು ಹೆಚ್ಚು ಹೆಚ್ಚಾಗಿ ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗುವುದು. ನಿಧಾನವಾಗಿ ಮೇಲಕ್ಕೆ ಬಂದರೆ ಅದು ಉಸಿರಿನೊಡನೆ ಮೆಲ್ಲಮೆಲ್ಲನೆ ಹೊರಹೋಗುತ್ತದೆ. ಅವಸರ ಮಾಡಿದರೆ, ಸೋಡಾ ಸೀಸೆಯ ಬಿರಡೆಯನ್ನು ಫಕ್ಕನೆ ತೆಗೆದಾಗ ಆಗುವಂತೆ, ಮೈಯೊಳಗೇ ಗುಳ್ಳೆಗಳೇಳುತ್ತವೆ. ಕೀಲುನೋವು, ಚರ್ಮದ ತುರಿಕೆ, ಜೋಮು, ತಲೆಸುತ್ತು ಇವು ಅದರ ಲಕ್ಷಣಗಳು. ವಿಷಮಿಸಿದರೆ ಪಾರ್ಶ್ವವಾಯುವೂ ಮರಣವೂ ಸಂಭವಿಸುವುದುಂಟು. ದಡಕ್ಕೆ ಬಂದಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಒಳಗಿನ ಸಾರಜನಕವು ಪೂರಾ ಹೊರಬೀಳಲು ಘಂಟೆಗಳೇ ಬೇಕು. ಅಷ್ಟರಲ್ಲಿ ಗಾಳಿಯ ಒತ್ತಡ ಕಡಮೆಯಿರುವ ಬೆಟ್ಟಕ್ಕೇರಿದರೆ ಸೀಸೆಯ ಬಿರಡೆಯನ್ನು ಎರಡನೆಯ ಸಲ ತೆಗೆದಂತೆಯೇ ಸರಿ. ಅದರ ಮೇಲೆ ಹತ್ತುವ ಶ್ರಮ ಬೇರೆ.

ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಬ್ರಿಟನ್ನಿನ ಹಾಲ್ಡೇನ್ ಎಂಬ ವಿಜ್ಞಾನಿ ಮುಖ್ಯನು. ಆಡುಗಳನ್ನು ಒತ್ತಡದ ಕೋಣೆಯಲ್ಲಿರಿಸಿ ಪರೀಕ್ಷಿಸಿ, ಎಷ್ಟು ಆಳದಿಂದ ಎಷ್ಟೆಷ್ಟು ತಡೆದು ಮೇಲಕ್ಕೆ ಬರಬೇಕೆಂಬ ಪಟ್ಟಿಯನ್ನು ಆತನು ಸಂಗಡಿಗರೊಂದಿಗೆ 1908ರಲ್ಲಿ ಪ್ರಕಟಿಸಿದನು. 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನರು ಆತನ ಮಗನೇ.

ವಿಮಾನವೇರುವವರಿಗೆ ಈಗ ವಿಧಿಸಿರುವ ನಿಯಮವು ಸುಲಭವಾದುದು: ಒಂದೇ ಸಲ ಮುಳುಗಿದ್ದರೆ ಕನಿಷ್ಠ ಪಕ್ಷ 12 ಘಂಟೆ, ಹಲವು ಸಲ ಅಥವಾ ಹಲವು ದಿವಸ ಮುಳುಗಿದ್ದರೆ 18 ಘಂಟೆ ಕಾಯತಕ್ಕದ್ದು. ಒಂದು ಪೂರ್ತಿ ದಿವಸ ಕಾದರೆ ಇನ್ನೂ ಕ್ಷೇಮ. ವಿಮಾನದೊಳಗಿನ ಗಾಳಿಯ ಒತ್ತಡವು ಕಡಮೆಯೆಂದರೆ ಸುಮಾರು 2,400 ಮೀಟರು ಎತ್ತರದ ಬೆಟ್ಟದ ಮೇಲಿನದರಷ್ಟಿರುತ್ತದೆ. ಅಗುಂಗ್ ಶಿಖರವು ಅದನ್ನೂ ಮೀರಿದ್ದು. ಬಾತೂರು ಅದಕ್ಕಿಂತ ತಗ್ಗಾದರೂ ನಿಶ್ಚಿಂತೆಯಿಂದಿರುವಷ್ಟು ತಗ್ಗಲ್ಲ.

ಹುಡುಗನ ಮುಖ ಬಾಡಿತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊನೆಗೆ ದಕ್ಷಿಣದ ಪೇಟೆಗಳಲ್ಲಿ ಕಳೆಯಬೇಕೆಂದಿದ್ದ ದಿವಸಗಳನ್ನು ಬಿಟ್ಟುಕೊಟ್ಟು, ಮೊದಲು ಬೆಟ್ಟ, ಆಮೇಲೆ ಕಡಲು ಎಂದು ಕ್ರಮವನ್ನು ತಿರುಗಿಸಿದೆವು. ಆ ಬೆಳಗ್ಗೆ ಇಬ್ಬರೂ ಗಾಜಿನ ಮುಖವಾಡ ಧರಿಸಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ನೀರಿನ ಮೇಲ್ಮೈಯಲ್ಲಿಯೇ ತೇಲಿದೆವು. ಇದಕ್ಕೆ ಮೇಲಿನ ನಿಯಮ ಅನ್ವಯಿಸದು. ಸಿಲಿಂಡರಿನ ಗಾಳಿಯನ್ನು ಇಲ್ಲಿ ಉಸಿರಾಡುವುದಿಲ್ಲವಷ್ಟೆ. ನನ್ನಂಥ ವಯಸ್ಸಾದವನಿಗೂ ಹಡಗಿನ ಮೇಲಂಚು, ಅದರ ಸುತ್ತ ಸುಳಿಯುವ ಬಣ್ಣದ ಮೀನುಗಳು ಕಾಣಿಸಿದುವು.

ಆ ರಾತ್ರಿ ದೀಪ ಹಿಡಿದು ಬಾತೂರನ್ನು ಹತ್ತಿದೆವು. ಬೂದಿಯಂಥ ಸಡಿಲ ಮಣ್ಣಿನಲ್ಲಿ ಒಂದು ಹೆಜ್ಜೆಯಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುವುದು. ಬೆಳಕು ಹರಿದಾಗ ಕೆಳಗೆ ಸರೋವರ, ಅದರಾಚೆ ಅಬಾಂಗ್ ಬೆಟ್ಟ, ಹಿಂದೆ ಅಗುಂಗ್. ಬಂಡೆಯ ಬಿರುಕುಗಳಿಂದ ಹೊರಡುವ ಹಬೆಯಲ್ಲಿಯೇ ಬಾಳೆಹಣ್ಣನ್ನು ಬೇಯಿಸಿ ಕೊಟ್ಟರು. ಕೆಳಗೆ ಹರಡಿದ್ದ ಕರಿಯ ಲಾವಾಬಯಲನ್ನು ತೋರಿಸಿ, 1926ರಲ್ಲಿ ಬಾತೂರು ಗ್ರಾಮವು ಹೀಗೆಯೇ ಮುಚ್ಚಿಹೋದುದನ್ನೂ, ಜನರು ದೇವರೊಂದಿಗೆ ಮೇಲಣ ಅಂಚಿಗೆ ಬಂದು ನೆಲಸಿದುದನ್ನೂ ಹೇಳಿದರು.

ಬಳಿಕ ಎರಡು ದಿವಸ ಹುಡುಗನು ಮನದಣಿಯೆ ಮುಳುಗಿದನು. ವಿಮಾನಕ್ಕೆ ಇನ್ನೂ ಒಂದು ಪೂರ್ತಿ ದಿವಸವಿತ್ತು. ಅಂದು ನೋಡತಕ್ಕ ಸ್ಥಳಗಳ ಪಟ್ಟಿಯೇ ಇರಲಿಲ್ಲ. ಹತ್ತಿರದ ಅಮೆದ್ ತೀರದಲ್ಲಿ, ಟೊಳ್ಳು ಮಾಡಿದ ಮರದ ದಿಮ್ಮಿಗಳಲ್ಲಿ ಉಪ್ಪುನೀರನ್ನು ಬಿಸಿಲಿಗಿಟ್ಟು ಹರಳುಗಟ್ಟಿಸುವವರ ಬಳಿ ಸುಮ್ಮನೆ ಕುಳಿತೆವು. ಅವಸರಪಡಿಸಿದರೆ ಉಪ್ಪೂ ಆಗದು. ಮರುದಿವಸ ವಿಮಾನನಿಲ್ದಾಣಕ್ಕೆ ಹೋಗುವಾಗಲೂ ಬೆಟ್ಟದ ರಸ್ತೆಯನ್ನು ಬಿಟ್ಟು ಕಡಲಂಚಿನ ದಾರಿಯನ್ನೇ ಹಿಡಿದೆವು. ಊರಿಗೆ ಬಂದ ಮೇಲೆ ಹುಡುಗನು ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ವರ್ಣಿಸಿದುದು ಆ ಖಾಲಿ ದಿವಸವನ್ನೇ.

ಈ ಮಾತು ಬಾಲಿಗೆ ಹೋಗುವವರಿಗೆ ಮಾತ್ರವಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ, ಅಂದೇ ಕೊಲ್ಲೂರಿನ ಮಾರ್ಗವಾಗಿ 1,343 ಮೀಟರಿನ ಕೊಡಚಾದ್ರಿಗೇರಲು ಹೊರಡುವ ತರುಣರು ನಮ್ಮಲ್ಲಿಯೂ ಇರಬಹುದು. ನಿಮ್ಮ ಮನೆಯ ಮಕ್ಕಳು ಇಂಥ ಪ್ರವಾಸಕ್ಕೆ ಹೊರಟರೆ, ಹಣವೆಷ್ಟು, ಬಟ್ಟೆಯೆಷ್ಟು ಎಂದು ಕೇಳುವುದರ ಜೊತೆಗೆ, ಕಡಲಿಗೂ ಬೆಟ್ಟಕ್ಕೂ ನಡುವೆ ಒಂದು ದಿವಸವನ್ನು ಬಿಟ್ಟಿದ್ದೀರಾ ಎಂದೂ ಕೇಳಿರಿ.